ಮಾದೇವಯ್ಯನವರ ಗುಪ್ತ ಖಾತೆ

ಎಸ್. ಎಲ್. ಭೈರಪ್ಪನವರ ಕಾದಂಬರಿ ‘ಗೃಹಭಂಗ’ 1970ರಲ್ಲಿ ಹೊರಬಂದಾಗಿನಿಂದ ನಮ್ಮ ವಿಮರ್ಶಕರು ನಾಯಕಿ ನಂಜಮ್ಮನ ಪಾಡಿಗೆ ಗಂಡ ಚೆನ್ನಿಗರಾಯ, ಅತ್ತೆ ಗಂಗಮ್ಮ, ಮೈದುನ ಅಪ್ಪಣ್ಣಯ್ಯ, ಕೊನೆಗೆ ಪ್ಲೇಗು, ಇಷ್ಟರ ಮೇಲೇ ಗೂಬೆ ಕೂರಿಸಿ ಕೈತೊಳೆದುಕೊಂಡಿದ್ದಾರೆ. ಗುಡಿಯಲ್ಲಿ ಭಜನೆ ಮಾಡಿಕೊಂಡಿದ್ದ ಜಂಗಮ ಮಾದೇವಯ್ಯನವರನ್ನು ಒಬ್ಬರೂ ವಿಚಾರಣೆಗೆ ಕರೆದಿಲ್ಲ. ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಆರ್ಥಿಕ ಹಿನ್ನೆಲೆ. ರಾಮಸಂದ್ರದ ಶಾನುಭೋಗಿಕೆ ಚೆನ್ನಿಗರಾಯನದು, ಲೆಕ್ಕ ಬರೆಯುವವಳು ನಂಜಮ್ಮ. ಶಾನುಭೋಗಿಕೆಗೆ ಬರುವ ಪೋಟಿಗೆಯ ದುಡ್ಡು ಕೈಗೆ ಸಿಕ್ಕರೆ ಅದು ಗಂಡನ ಹೊಟ್ಟೆಗೆ. ಜಮೀನು ಅಡಮಾನದಲ್ಲಿ ಕೈಬಿಟ್ಟಿದೆ. ಉಳಿದದ್ದು ಮುತ್ತುಗದ ಎಲೆ ಹಚ್ಚಿ ಮಾರಿದ ಪುಡಿಗಾಸು. ಹಾಗಿದ್ದೂ ಆ ಮನೆಯ ಒಲೆ ಆಗಾಗ ಹೊತ್ತಿದೆ. ಹೇಗೆ? ಇಲ್ಲೇ ಮಾದೇವಯ್ಯನವರ ಪ್ರವೇಶ, ಜೋಳಿಗೆ ಸಮೇತ.

ಸುತ್ತಲ ಹಳ್ಳಿಗಳಲ್ಲಿ ಎತ್ತಿದ ಭಿಕ್ಷೆಯಲ್ಲಿ ಒಂದು ಪಾಲನ್ನು ಅವರು ನಂಜಮ್ಮನಿಗೆ ತಲುಪಿಸುತ್ತಾರೆ. ಪತ್ರವಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯಿಲ್ಲ. ಜಮೀನಿನ ಮೇಲೆ ಸಾಲ ಕೊಟ್ಟವರ ನಡತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪತ್ರ ಬರೆಸಿಕೊಂಡರು, ಬಡ್ಡಿ ಬೆಳೆಸಿದರು, ಹೊಲ ಕಿತ್ತುಕೊಂಡರು. ಎಲ್ಲವೂ ಕ್ರಮಬದ್ಧ! ಅಂಥವರನ್ನು ಖಳರೆನ್ನುವ ವಿಮರ್ಶೆಗೆ ಛಾಪಾ ಕಾಗದದ ಮೇಲೆ ಕಿಂಚಿತ್ತೂ ಗೌರವವಿಲ್ಲ. ಶಾನುಭೋಗಿಕೆಯನ್ನಾದರೂ ಸರ್ಕಾರ 1961ರ ಕಾಯಿದೆ ತಂದು ರದ್ದುಪಡಿಸಿತು. ಜೋಳಿಗೆಯನ್ನು ಆ ಕಾಯಿದೆ ಮುಟ್ಟಲಿಲ್ಲ.

ಶಂಕಿತರ ಪೂರ್ವಾಪರ ಹುಡುಕಿಕೊಂಡು ನಾವು ವಿಭಾಗದ ಖರ್ಚಿನಲ್ಲಿ ತ್ರ್ಯಂಬಕೇಶ್ವರಕ್ಕೂ ಹೋಗಿಬಂದೆವು. ಅವರು ಅಲ್ಲಿಗೆ ಹೋಗಿದ್ದರೆಂದು ಕಾದಂಬರಿ ಹೇಳುವುದಿಲ್ಲ. ಮುಚ್ಚಿಟ್ಟಿದ್ದಾರೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು? ಊರೂರು ಸುತ್ತುವ ಜಂಗಮ ಜ್ಯೋತಿರ್ಲಿಂಗವನ್ನು ಬಿಟ್ಟಾರೆಯೇ? ಅಲ್ಲಿನ ತೀರ್ಥಪುರೋಹಿತರ ವಹಿಗಳಲ್ಲಿ ಬಂದುಹೋದವರ ಊರು, ಮನೆತನ, ಪೀಳಿಗೆಗಳು ದಾಖಲಾಗಿರುತ್ತವೆ. ಕುಶಾವರ್ತದ ಬಳಿ ಪುರೋಹಿತರೊಬ್ಬರು ಊರು, ಗೋತ್ರ, ತಂದೆಯ ಹೆಸರು ಕೇಳಿದರು. ಮೂರೂ ಗೊತ್ತಿಲ್ಲವೆಂದೆವು.

“ಮನುಷ್ಯನಾದರೂ ಇದ್ದಾನೋ?”

“ಕಾದಂಬರಿಯಲ್ಲಿದ್ದಾರೆ.”

ಅವರು ವಹಿ ಮುಚ್ಚಿದರು. ಆದರೆ ನಂಜಮ್ಮನ ಕಥೆಯನ್ನು ಪೂರ್ತಿ ಕೇಳಿ, ಅಕಾಲ ಮರಣವಾದ್ದರಿಂದ ನಾರಾಯಣ ನಾಗಬಲಿ ಮಾಡಿಸಬಹುದು, ಮೂರು ದಿನ ಹಿಡಿಯುತ್ತದೆ, ಹೊಸ ಪಂಚೆ ನೀವೇ ತರಬೇಕು, ದಕ್ಷಿಣೆ ಇಷ್ಟು ಎಂದರು. ಎಂಥ ಸ್ವಚ್ಛ ವ್ಯವಹಾರ! ಮಾದೇವಯ್ಯನವರು ಎಂದಾದರೂ ಹೀಗೆ ಬಾಯಿಬಿಟ್ಟು ದರ ಹೇಳಿದ್ದುಂಟೆ? ನಮ್ಮ ಸಂಶಯ ಅಲ್ಲಿಯೇ ಗಟ್ಟಿಯಾಯಿತು.

ಇನ್ನು ವಸೂಲಿಯ ಪ್ರಕರಣ. ಪ್ಲೇಗು ಮಕ್ಕಳಾದ ಪಾರ್ವತಿ, ರಾಮಣ್ಣರನ್ನು, ಆಮೇಲೆ ನಂಜಮ್ಮನನ್ನೂ ಒಯ್ದ ಮೇಲೆ ಅವಳ ಆಸ್ತಿಯೆಂದು ಉಳಿದವನು ಕಿರಿಮಗ ವಿಶ್ವ. ಅಪ್ಪನಿದ್ದಾನೆ, ಅಜ್ಜಿಯಿದ್ದಾಳೆ, ಚಿಕ್ಕಪ್ಪನಿದ್ದಾನೆ. ಹುಡುಗ ತಮಗೆ ಬೇಕೆಂದು ಜಗ್ಗಾಡುವವರಿಲ್ಲ. ಕೊನೆಗೆ ಅವನನ್ನು ಕರೆದುಕೊಂಡು ಊರು ಬಿಡುವವರು ಯಾರು? ಮಾದೇವಯ್ಯನವರು! ಬಡ್ಡಿ ಕೇಳದೆ ವರ್ಷಗಟ್ಟಲೆ ಕಾದದ್ದು ಇದಕ್ಕಲ್ಲದೆ ಮತ್ತೇತಕ್ಕೆ? ಅವರಿಗೆ ಆ ಹುಡುಗನಿಂದ ಏನು ಲಾಭ ಎಂದು ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಕೇಳಿದರು. ಲಾಭ ಕಾಣುವುದಿಲ್ಲ, ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾರೆ. ಭೈರಪ್ಪನವರ ಸ್ವಂತ ತಾಯಿಯೂ ಪ್ಲೇಗಿಗೇ ತುತ್ತಾದವರು ಎಂದು ಮತ್ತೊಬ್ಬರು ಕಣ್ಣೊರೆಸಿಕೊಂಡರು. ಕಣ್ಣೀರಿಗೆ ಅಡಿಟಿಪ್ಪಣಿ ಹಾಕಲು ಬರುವುದಿಲ್ಲವಾದ್ದರಿಂದ ಅದನ್ನು ಕೈಬಿಡಲಾಗಿದೆ.

ಮಾದೇವಯ್ಯನವರು ಕೊಟ್ಟ ಧಾನ್ಯಕ್ಕೆ ರಶೀದಿ ಯಾರ ಬಳಿಯಾದರೂ ಇದ್ದಲ್ಲಿ ನಮ್ಮ ವಿಭಾಗಕ್ಕೆ ಕಳಿಸಿಕೊಡಬೇಕಾಗಿ ವಿನಂತಿ. ಅಂಚೆವೆಚ್ಚ ಕಳಿಸುವವರದೇ.