ಸೂರ್ಯಾಸ್ತಗಳ ಪಾಲುಪಟ್ಟಿ

ಮೂರು ದಿನದ ಪ್ರವಾಸಕ್ಕೆ ಸೂರ್ಯಾಸ್ತ ಮೂರೇ. ಬೇಕೆನ್ನುವವರು ಎರಡು ಸಂಸಾರ ಸೇರಿ ಏಳು ಮಂದಿ. ಡಿಸೆಂಬರ್ ಕೊನೆಯ ವಾರ ಡೆತ್ ವ್ಯಾಲಿಗೆ ಹೋಗೋಣ ಎಂದು ಮೊದಲು ಬಾಯಿಬಿಟ್ಟವನು ನಾನಾದ್ದರಿಂದ ಶಾನುಭೋಗಿಕೆಯೂ ನನ್ನ ತಲೆಗೇ ಬಂತು. ಅಣ್ಣತಮ್ಮಂದಿರು ತೋಟ ಹಿಸ್ಸೆ ಮಾಡಿಕೊಳ್ಳುವಾಗ ಬಾವಿ ಯಾರ ಪಾಲಿಗೆ ಎಂದು ಜಗ್ಗಾಡುತ್ತಾರಲ್ಲ, ಅಷ್ಟೇ ಗಾಂಭೀರ್ಯದಿಂದ ನಮ್ಮ ಸನಿವೇಲ್ ಮನೆಯ ಊಟದ ಮೇಜಿನ ಸುತ್ತ ಪಂಚಾಯ್ತಿ ಕೂತಿತು.

ಬೇಸಿಗೆಯಲ್ಲಿ ಅಲ್ಲಿ ನಡೆದಾಡುವ ಮಾತೇ ಇಲ್ಲ. 1913ರ ಜುಲೈ 10ರಂದು ಫರ್ನೇಸ್ ಕ್ರೀಕ್‌ನಲ್ಲಿ ಅಳೆದ 56.7 ಡಿಗ್ರಿ ಸೆಲ್ಸಿಯಸ್ ಇವತ್ತಿಗೂ ಜಗತ್ತಿನ ಅಧಿಕೃತ ದಾಖಲೆ. ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ಸ್ವೆಟರ್ ಹಾಕಿಕೊಂಡು ಹಾಯಾಗಿ ತಿರುಗಬಹುದು. ಆದರೆ ಸೆಕೆಯ ಜೊತೆಗೆ ಹಗಲೂ ಕುಗ್ಗಿರುತ್ತದೆ. ಏಳರ ಹೊತ್ತಿಗೆ ಬಂದ ಸೂರ್ಯ ಸಂಜೆ ನಾಲ್ಕೂವರೆ ದಾಟುವಷ್ಟರಲ್ಲಿ ಮುಳುಗಿರುತ್ತಾನೆ. ಅದೂ ಪಂಚಾಂಗದ ಲೆಕ್ಕ. ಕಣಿವೆಯ ತಳದಲ್ಲಿ ನಿಂತವರಿಗೆ ಪಶ್ಚಿಮದ ಪ್ಯಾನಮಿಂಟ್ ಬೆಟ್ಟಗಳು ಅದಕ್ಕೂ ಮೊದಲೇ ಅವನನ್ನು ಮರೆಮಾಡಿಬಿಡುತ್ತವೆ. ಅಲ್ಲಿನ ಟೆಲಿಸ್ಕೋಪ್ ಶಿಖರದ ಎತ್ತರ 11,049 ಅಡಿ. ಅದರ ಜೊತೆ ಯಾರು ವಾದ ಮಾಡುತ್ತಾರೆ?

ನನ್ನ ಹೆಂಡತಿಗೆ ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳ ಮೇಲೆ ಉದ್ದನೆಯ ನೆರಳು ಬೀಳುವ ಸಂಜೆ ಬೇಕು. ಗೆಳೆಯನ ಹೆಂಡತಿಗೆ 5,475 ಅಡಿ ಮೇಲಿರುವ ಡಾಂಟೇಸ್ ವ್ಯೂನಿಂದ ಇಡೀ ಕಣಿವೆ ನೋಡಬೇಕು. ನನಗೆ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲು. ಗೆಳೆಯನಿಗೆ ಆರ್ಟಿಸ್ಟ್ಸ್ ಪ್ಯಾಲೆಟ್, ಕಾರಣ ಅಲ್ಲಿ ಬಣ್ಣಬಣ್ಣದ ಗುಡ್ಡಗಳನ್ನು ಕಾರಿನಿಂದ ಇಳಿಯದೆ ನೋಡಬಹುದು. ಅವನ ಮಗನಿಗೆ ಎಲ್ಲಿ ಸಿಗ್ನಲ್ ಬರುತ್ತದೋ ಅಲ್ಲಿ. ಹೆಚ್ಚಿನವು ಒಂದಕ್ಕೊಂದು ದೂರ, ಆದ್ದರಿಂದ ಒಂದೇ ಸಂಜೆ ಇಬ್ಬರಿಗೆ ಹಂಚುವಂತಿಲ್ಲ. ಮೂರು ಸೂರ್ಯೋದಯಗಳು ಮಾತ್ರ ಕೇಳುವವರಿಲ್ಲದೆ ಬಿದ್ದಿದ್ದವು. ಜಬ್ರಿಸ್ಕಿ ಪಾಯಿಂಟ್‌ಗೆ ಬೆಳಗಿನ ಬೆಳಕೇ ಚೆಂದ ಎಂದು ನಾನು ಎಷ್ಟು ಹೇಳಿದರೂ, ಐದೂವರೆಗೆ ಏಳಬೇಕು ಎಂದ ಕೂಡಲೇ ಎಲ್ಲರ ಸೌಂದರ್ಯಪ್ರಜ್ಞೆ ಮುಸುಕೆಳೆದುಕೊಂಡಿತು.

ಜಬ್ರಿಸ್ಕಿ ಎಂದರೆ ಯಾರು ಎಂದು ಕೇಳಿದವರು ಅತ್ತೆ ಒಬ್ಬರೇ. ಶಿವಮೊಗ್ಗದಿಂದ ಬಂದು ನಮ್ಮ ಜೊತೆ ಇದ್ದಾರೆ. ಬೋರಾಕ್ಸ್ ಕಂಪನಿಯ ದೊಡ್ಡ ಅಧಿಕಾರಿ ಎಂದೆ. 1880ರ ದಶಕದಲ್ಲಿ ಅಲ್ಲಿಂದ 165 ಮೈಲಿ ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಹೇಸರಗತ್ತೆಗಳ ಗಾಡಿಯಲ್ಲಿ ಬೋರಾಕ್ಸ್ ಹೇರುತ್ತಿದ್ದ ಕಥೆಯನ್ನೂ ಹೇಳಿದೆ. "ಓ, ಬಿಳಿಗಾರ! ಅಕ್ಕಸಾಲಿಗರು ಬೆಸುಗೆಗೆ ಹಾಕ್ತಾರಲ್ಲ," ಎಂದು ಅವರು ಒಂದೇ ಮಾತಿನಲ್ಲಿ ನನ್ನ ಉಪನ್ಯಾಸ ಮುಗಿಸಿದರು.

ಗೆಳೆಯ ಚಳ್ಳಕೆರೆಯವನು. ಅವನ ಆಕ್ಷೇಪಣೆ ಮೂಲಕ್ಕೇ ಕೈಹಾಕಿತ್ತು. "ಲೋ, ಬಯಲು, ಜಾಲಿ, ಬಿಸಿಲು ಸಾಕಾಗಿ ಇಷ್ಟು ದೂರ ಬಂದಿದೀನಿ. ರಜಾ ಹಾಕಿ, ದುಡ್ಡು ಕೊಟ್ಟು ಮತ್ತೆ ಅದನ್ನೇ ನೋಡ್ಬೇಕಾ?" ಸಹ್ಯಾದ್ರಿ ಮೋಡಗಳನ್ನೆಲ್ಲ ಆಗುಂಬೆಯ ಕಡೆಯೇ ಇಳಿಸಿಕೊಂಡು ಚಳ್ಳಕೆರೆಗೆ ಬರೀ ಗಾಳಿ ದಾಟಿಸುವಂತೆ, ಇಲ್ಲಿ ಸಿಯೆರಾ ನೆವಾಡಾ ಮತ್ತು ಅದರಾಚೆಯ ಸಾಲುಬೆಟ್ಟಗಳು ಪೆಸಿಫಿಕ್ಕಿನ ಮೋಡಗಳನ್ನು ಹಿಂಡಿ ಬಿಡುತ್ತವೆ, ಕಣಿವೆಗೆ ವರ್ಷಕ್ಕೆ ಬೀಳುವುದು ಎರಡು ಇಂಚು ಚಿಲ್ಲರೆ ಎಂದು ವಿವರಿಸಿದೆ. ಅವನ ಮುಖ ಬದಲಾಯಿತು. "ಎರಡೇ ಇಂಚಾ?" ಬರದ ವಿಷಯದಲ್ಲಿ ತನ್ನೂರನ್ನು ಮೀರಿಸುವ ಜಾಗ ಇದೆ ಎಂಬುದನ್ನು ಅವನಿಗೆ ಅರಗಿಸಿಕೊಳ್ಳಲಾಗಲಿಲ್ಲ. ಪರೀಕ್ಷಿಸಿ ಬರಲೆಂದೇ ಒಪ್ಪಿಕೊಂಡ.

ಅಲ್ಲಿ ಬಹುಪಾಲು ಕಡೆ ಫೋನ್ ಕೆಲಸ ಮಾಡುವುದಿಲ್ಲವಾದ್ದರಿಂದ ಕಾಗದದ ನಕ್ಷೆ ತರಿಸಿದ್ದೆ. ಅದರ ಮೇಲೆ ಬಿಸಿಬೇಳೆಬಾತ್ ಬಡಿಸುವಾಗ ತುಪ್ಪ ಚೆಲ್ಲಿತು. ಸರಿಯಾಗಿ ಬ್ಯಾಡ್‌ವಾಟರ್ ಮೇಲೆಯೇ. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ, ಉತ್ತರ ಅಮೆರಿಕದ ಅತಿ ತಗ್ಗಿನ ಜಾಗ. ತುಪ್ಪ ಮೊದಲು ಹಳದಿ ಚುಕ್ಕೆಯಾಗಿ ನಿಂತು, ಆಮೇಲೆ ಕಾಗದದ ಮಡಿಕೆ ಹಿಡಿದು ಉತ್ತರಕ್ಕೆ ಹರಿಯಿತು. "ಅಲ್ಲಿ ಕೆರೆ ಇದೆಯಾ?" ಎಂದು ಚಳ್ಳಕೆರೆ ಕೇಳಿದ. ಇರಲಿಲ್ಲ, ಬಂದಿತ್ತು. 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಶೇಷ ಒಂದೇ ದಿನದಲ್ಲಿ ಒಂದು ವರ್ಷದಷ್ಟು ಮಳೆ ಸುರಿಸಿ, ರಸ್ತೆಗಳನ್ನು ಕೊಚ್ಚಿ, ಉಪ್ಪಿನ ಬಯಲಿನಲ್ಲಿ ಕೆರೆ ನಿಲ್ಲಿಸಿ ಹೋಗಿತ್ತು. ಮುಚ್ಚಿದ ಉದ್ಯಾನವನ ಮತ್ತೆ ತೆರೆದದ್ದು ಅಕ್ಟೋಬರ್ ಮಧ್ಯಕ್ಕೆ. ಪಕ್ಕದ ಬಂಡೆಯ ಮೇಲೆ, ಕತ್ತೆತ್ತಿ ಹುಡುಕಬೇಕಾದಷ್ಟು ಎತ್ತರದಲ್ಲಿ, ಸಮುದ್ರಮಟ್ಟ ಇಲ್ಲಿ ಎಂದು ಒಂದು ಬಿಳಿ ಬೋರ್ಡು ಬಡಿದಿದ್ದಾರೆ. ಅತ್ತೆಗೆ ಬೋರ್ಡಿಗಿಂತ ಕೆಳಗಿನ ಉಪ್ಪಿನ ಯೋಚನೆ: "ಅಡುಗೆಗೆ ಆಗುತ್ತಾ?"

ದಾರಿಯದೂ ಒಂದು ತಕರಾರು. ನಕ್ಷೆಯಲ್ಲಿ ಯೊಸೆಮಿಟಿ ದಾಟಿದರೆ ಡೆತ್ ವ್ಯಾಲಿ ಹತ್ತಿರವೇ ಕಾಣುತ್ತದೆ. ಆದರೆ ಟಿಯೋಗಾ ಕಣಿವೆಮಾರ್ಗ ಚಳಿಗಾಲವಿಡೀ ಹಿಮದಡಿ ಮುಚ್ಚಿರುತ್ತದೆ. ಬೇಕರ್ಸ್‌ಫೀಲ್ಡ್, ಟೆಹಾಚಪಿ, ರಿಡ್ಜ್‌ಕ್ರೆಸ್ಟ್ ಬಳಸಿಕೊಂಡೇ ಹೋಗಬೇಕು. ರಿಡ್ಜ್‌ಕ್ರೆಸ್ಟಿನಲ್ಲಿ ಟ್ಯಾಂಕ್ ಭರ್ತಿ ಮಾಡದೆ ಮುಂದೆ ಹೋದವರು ಕಣಿವೆಯೊಳಗಿನ ಗ್ಯಾಸ್ ಬೆಲೆ ನೋಡಿ ಬೆವರುವುದಂತೂ ಖಚಿತ, ಎಂಥ ಚಳಿಯಿದ್ದರೂ.

ನಡಿಗೆಗಳ ಹಂಚಿಕೆ ಸಲೀಸಾಗಿ ಆಯಿತು. ಗೋಲ್ಡನ್ ಕ್ಯಾನ್ಯನ್ ಹೊಕ್ಕು ಗೋವರ್ ಗಲ್ಚ್‌ನಲ್ಲಿ ಹೊರಬರುವ ನಾಲ್ಕು ಮೈಲಿ ಚಿಲ್ಲರೆಯ ಸುತ್ತು ನನಗೂ ಮಗಳಿಗೂ. ಮೊಸಾಯಿಕ್ ಕ್ಯಾನ್ಯನ್ ಎಲ್ಲರಿಗೂ. ಅಲ್ಲಿ ಸ್ವಲ್ಪ ದೂರ ಹೋದರೆ ಸಾಕು, ನೆರೆನೀರು ಉಜ್ಜಿ ನುಣುಪು ಮಾಡಿದ ಅಮೃತಶಿಲೆಯ ಗೋಡೆಗಳ ನಡುವೆ ಇರುತ್ತೇವೆ. ಅತ್ತೆ ಸೀರೆಯ ಕೆಳಗೆ ಸ್ನೀಕರ್ ಹಾಕಿಕೊಂಡು ಹಾಲ್‌ನಲ್ಲಿ ಅಭ್ಯಾಸ ಆರಂಭಿಸಿದ್ದಾರೆ.

ಸೋತವಳು ನನ್ನ ಮಗಳು, ಅದೂ ಎಲ್ಲರಿಗಿಂತ ಗಟ್ಟಿಯಾದ ವಾದ ಹೂಡಿ. ಅವಳಿಗೆ ರೇಸ್‌ಟ್ರ್ಯಾಕ್ ಪ್ಲಾಯಾ ಬೇಕಿತ್ತು. ಆ ಒಣಕೆರೆಯ ಅಂಗಳದಲ್ಲಿ ಕಲ್ಲುಗಳು ತಾವಾಗಿ ಸರಿದು ಹಿಂದೆ ಉದ್ದನೆಯ ಜಾಡು ಬಿಡುತ್ತವೆ. ಬಹುಕಾಲ ಯಾರಿಗೂ ಬಗೆಹರಿಯದಿದ್ದ ಇದನ್ನು ಸಂಶೋಧಕರು ಕಣ್ಣಾರೆ ಕಂಡದ್ದು 2013ರ ಡಿಸೆಂಬರಿನಲ್ಲಿ. ನಿಂತ ಮಳೆನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಬಿಸಿಲೇರಿದಾಗ ಕೆಲವೇ ಮಿಲಿಮೀಟರ್ ದಪ್ಪದ ಆ ಮಂಜುಗಡ್ಡೆ ಒಡೆದು, ಹಗುರ ಗಾಳಿಗೆ ತೇಲುತ್ತ ಕಲ್ಲನ್ನು ನೂಕಿಕೊಂಡು ಹೋಗುತ್ತದೆ. "ಅಪ್ಪ, ಕಲ್ಲುಗಳೂ ಚಳಿಗಾಲದಲ್ಲೇ ಟ್ರಿಪ್ ಹೋಗೋದು. ನಾವು ಹೋಗ್ಬಾರ್ದಾ?" ಉತ್ತರವಿರಲಿಲ್ಲ. ಆದರೆ ಅಲ್ಲಿಗೆ ಹೋಗುವ ರಸ್ತೆ 27 ಮೈಲಿ ಬರೀ ಚೂಪುಗಲ್ಲು, ನಮ್ಮ ವ್ಯಾನಿನ ಹೊಟ್ಟೆ ನೆಲಕ್ಕೆ ತೀರ ಹತ್ತಿರ. ಪರಿಹಾರವಾಗಿ ಡಾಂಬರು ರಸ್ತೆ ಇರುವ ಉಬೆಹೀಬಿ ಜ್ವಾಲಾಮುಖಿ ಕುಳಿ ಬರೆದುಕೊಟ್ಟೆವು. ಅವಳು ಸಹಿ ಹಾಕಿಲ್ಲ.

ಸೂರ್ಯಾಸ್ತಗಳು ಕೊನೆಗೆ ದಿಬ್ಬಕ್ಕೊಂದು, ಡಾಂಟೇಸ್‌ಗೊಂದು, ಬ್ಯಾಡ್‌ವಾಟರ್‌ಗೊಂದು ಎಂದು ತೀರ್ಮಾನವಾದವು. ಪಾಲುಪಟ್ಟಿಯ ಶೀಟ್ ಉಳಿಸಿ ಲ್ಯಾಪ್‌ಟಾಪ್ ಮುಚ್ಚುವಾಗ ಅತ್ತೆ ಕೇಳಿದರು: "ಅಲ್ಲಾ, ಐದು ಗಂಟೆಗೇ ಕತ್ತಲಾದ್ರೆ ಮಲಗೋವರೆಗೆ ಏನ್ಮಾಡ್ತೀರಿ?"

ಯಾರೂ ಉಸಿರೆತ್ತಲಿಲ್ಲ. ಹದಿನಾಲ್ಕು ಗಂಟೆಯ ಕತ್ತಲು ಯಾರ ಲೆಕ್ಕದಲ್ಲೂ ಇರಲಿಲ್ಲ. ರಾತ್ರಿಯ ಆಕಾಶಕ್ಕೆ ಅಲ್ಲಿ ಚಿನ್ನದ ದರ್ಜೆಯ ಮಾನ್ಯತೆ ಇದೆ, ನಕ್ಷತ್ರ ನೋಡಬಹುದು ಎಂದು ನಾನು ತೊದಲಿದೆ.

"ಆ ಚಳಿಲಿ ಎಷ್ಟೊತ್ತು ನಿಂತು ನೋಡ್ತೀರಿ? ಇಸ್ಪೀಟು ತಂದಿದೀನಿ. ಮಂಡಕ್ಕಿಗೆ ಒಗ್ಗರಣೆ ಹಾಕಿ ಡಬ್ಬಕ್ಕೆ ತುಂಬಿದ್ರಾಯ್ತು."

ಶೀಟ್ ಮತ್ತೆ ತೆರೆದು, ಮೂರೂ ದಿನದ ಸಂಜೆ ಐದರ ನಂತರದ ಕಾಲಂನಲ್ಲಿ 'ಅತ್ತೆ' ಎಂದು ಬರೆದೆ. ಯಾರ ಆಕ್ಷೇಪಣೆಯೂ ಬರಲಿಲ್ಲ. ಚಳ್ಳಕೆರೆ ಮಾತ್ರ ದುಡ್ಡು ಕಟ್ಟಿ ಆಡೋದಾ, ಸುಮ್ಮನೆಯಾ ಎಂದು ವಿಚಾರಿಸಿದ. ದುಡ್ಡಿಗೇ, ಎಂದರು ಅತ್ತೆ.