ಪಂಚೆ ಎತ್ತಿ ಕಟ್ಟಿದ ಜಿಮ್ನಿ

ಜಿಮ್ನಿ ಕೊಂಡವರಿಗೆ ಕಂಪನಿ ಕೊಟ್ಟ ಜಿಮ್ನಿ ಮೇಲೆ ಒಂಚೂರೂ ನಂಬಿಕೆ ಇರುವುದಿಲ್ಲ. ಗಾಡಿ ಮನೆಗೆ ಬರುತ್ತದೆ, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ, ಬಾನೆಟ್ಟಿನ ಕುಂಕುಮ ಉದುರುವ ಮೊದಲೇ ಯಜಮಾನರು ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಹಾಜರ್! ನಿಂಬೆರಸ ಮೆತ್ತಿದ ಆ ಟೈರುಗಳು ಆಗಲೇ ಮಾರಾಟಕ್ಕೆ.

ನನ್ನ ಸೋದರಳಿಯನೂ ಅದೇ ಪಂಥದವನು. ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಅವನ ಬಾಯಲ್ಲಿ ಲಿಫ್ಟು, ಸ್ಪೇಸರು, ಆಫ್‌ಸೆಟ್ಟು ಬಿಟ್ಟರೆ ಬೇರೆ ಮಂತ್ರವಿಲ್ಲ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ದಿನಾ ಹತ್ತಿ ಇಳಿಯುವ ಪರ್ವತವೆಂದರೆ ಸಿಲ್ಕ್ ಬೋರ್ಡ್ ಫ್ಲೈಓವರು.

"ಎಷ್ಟು ಎತ್ತಿಸ್ತೀಯೋ?" ಅಂದೆ.

"ಎರಡಿಂಚು ಮಾವ. ಸಕಲೇಶಪುರದ ಕಡೆ ಕಲ್ಲು ದಾರಿ ನೋಡಿದೀರಲ್ಲ, ಕೆಳಗೆ ತಾಗಬಾರ್ದು."

ಇಲ್ಲೇ ಇರುವುದು ತಮಾಷೆ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಇಡಿಯಾದ ಆಕ್ಸಲ್. ಅದರಲ್ಲಿ ಜೋತಾಡುವ ಡಿಫರೆನ್ಷಿಯಲ್ ಹೌಸಿಂಗೇ ಕಲ್ಲಿಗೆ ಮೊದಲು ತಲೆ ಕೊಡುವುದು. ಎತ್ತರದ ಸ್ಪ್ರಿಂಗ್ ಹಾಕಿದರೆ ಮೇಲೇಳುವುದು ಬಾಡಿ ಮಾತ್ರ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಪಂಚೆ ಎತ್ತಿ ಕಟ್ಟಿಕೊಂಡು ಕೆಸರಿಗಿಳಿದ ಹಾಗೆ: ಪಂಚೆ ನೆನೆಯುವುದಿಲ್ಲ, ಕಾಲು ಕೆಸರಲ್ಲೇ. ಲಿಫ್ಟು ಬರೀ ಷೋಕಿ ಅಂತಲ್ಲ. ದಿಣ್ಣೆ ಹತ್ತುವಾಗ ಮೂತಿ, ಇಳಿಯುವಾಗ ಹಿಂಭಾಗ, ನಡುವೆ ಹೊಟ್ಟೆ ಉಜ್ಜದಂತೆ ಅದು ಕಾಯುತ್ತದೆ. ಆದರೆ ಆಕ್ಸಲ್ಲನ್ನು ನೆಲದಿಂದ ಮೇಲೆತ್ತುವ ತಾಕತ್ತು ಇರುವುದು ಟೈರೊಂದಕ್ಕೇ.

ಅದೂ ಎಷ್ಟು? ಕಂಪನಿಯ 195/80 ಆರ್15 ಟೈರಿನ ಎತ್ತರ ಲೆಕ್ಕದಲ್ಲಿ 693 ಮಿ.ಮೀ. ಎಲ್ಲರೂ ಬಾಯಿಬಿಡುವ 235/75 ಆರ್15 ಹಾಕಿದರೆ 733 ಚಿಲ್ಲರೆ. ಹೆಚ್ಚಿದ್ದರ ಅರ್ಧ ಆಕ್ಸಲ್ಲಿಗೆ ಸಿಗುತ್ತದೆ, ಅಂದರೆ 20 ಮಿ.ಮೀ. ಅಷ್ಟಕ್ಕೆ ಸ್ಪೀಡೋಮೀಟರು ಸುಳ್ಳು ಹೇಳಲು ಶುರುಮಾಡುತ್ತದೆ. ಮುಳ್ಳು 80ರಲ್ಲಿದ್ದರೆ ಗಾಡಿ ಹೆಚ್ಚುಕಡಿಮೆ 85ರಲ್ಲಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಬಂಪರಿಗೋ ಒಳಗಿನ ಲೈನರಿಗೋ ಉಜ್ಜಬಹುದು. ಆ ಉಜ್ಜಾಟ ತಪ್ಪಿಸಲಿಕ್ಕೇ ಬಹುಪಾಲು ಜನ ಲಿಫ್ಟು ಹಾಕಿಸುವುದು, ಬಂಡೆಗಾಗಿ ಅಲ್ಲ.

ಇನ್ನು ರಿಮ್ಮು. ಬೋಲ್ಟುಗಳು ಕೂರುವ ವೃತ್ತ 5x139.7 ಹೊಂದಿತೆಂದರೆ ಅಂಗಡಿಯವನು "ಡೈರೆಕ್ಟ್ ಫಿಟ್ಟಿಂಗ್ ಸಾರ್" ಅನ್ನುತ್ತಾನೆ. ತೂತು ಹೊಂದಿದ್ದು ನಿಜ. ಆಫ್‌ಸೆಟ್ ಕೇಳಿ ನೋಡಿ, ಟೀ ತರಿಸುತ್ತಾನೆ. ಆಫ್‌ಸೆಟ್ ಅಂದರೆ ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಆಚೀಚೆ ಅನ್ನುವ ಲೆಕ್ಕ; ಅಂಕಿ ಇಳಿದಷ್ಟೂ ಚಕ್ರ ಹೊರಕ್ಕೆ. ಕಂಪನಿ ರಿಮ್ಮು ಐದೂವರೆ ಇಂಚು ಅಗಲ, ಆಫ್‌ಸೆಟ್ ಪ್ಲಸ್ 5. ಅಳಿಯ ಆರಿಸಿದ್ದು ಏಳು ಇಂಚು ಅಗಲ, ಮೈನಸ್ 20. ಕಾಗದ ಪೆನ್ನು ಹಿಡಿದು ಕೂತರೆ ರಿಮ್ಮಿನ ಹೊರ ಅಂಚು ಒಂದೊಂದು ಕಡೆ 44 ಮಿ.ಮೀ. ಆಚೆ ಬರುತ್ತದೆ. ಚಕ್ರ ಫೆಂಡರ್ ದಾಟಿ ಬೀದಿಗಿಳಿದಂತೆಯೇ ಸರಿ. ಎದ್ದ ರಾಡಿಯೆಲ್ಲ ಬಾಗಿಲಿಗೆ.

"ಅದರ ಮೇಲೆ 30 ಎಂ.ಎಂ. ಸ್ಪೇಸರ್ ಬೇರೆ ಮಾವ!"

ಅಯ್ಯೋ ಪುಣ್ಯಾತ್ಮ! ಸ್ಪೇಸರ್ ಮಾಡುವುದೂ ಅದೇ ಕೆಲಸವನ್ನೇ, ಚಕ್ರವನ್ನು ಹೊರಗೆ ನೂಕುವುದು. ಹಳೇ ರಿಮ್ಮೇ ಇರಲಿ, ಚೂರು ಅಗಲವಾಗಿ ಕಾಣಲಿ ಅನ್ನುವವರಿಗೆ ಅದು. ಮೈನಸ್ ಆಫ್‌ಸೆಟ್ ರಿಮ್ಮಿಗೆ ಮತ್ತೆ ಸ್ಪೇಸರ್ ಹಾಕಿದರೆ ಭಾರವೆಲ್ಲ ಹೊರಗೆ ಜಗ್ಗಿ ವೀಲ್ ಬೇರಿಂಗಿನ ಆಯಸ್ಸು ತಿನ್ನುತ್ತದೆ. ಹಾಕಲೇಬೇಕೆಂದರೆ ಹಬ್ಬಿನ ಮೇಲೆ ಅಚ್ಚುಕಟ್ಟಾಗಿ ಕೂರುವ, ಸ್ವಂತ ಬೋಲ್ಟುಗಳಿರುವ ಸ್ಪೇಸರ್ ಆಗಿರಬೇಕು. ಸುಮ್ಮನೆ ಸಿಕ್ಕಿಸುವ ದಪ್ಪ ಬಿಲ್ಲೆ ಹಾಕಿದರೆ ನಟ್ಟಿಗೆ ಹಿಡಿಯಲು ಮರೆಯೇ ಉಳಿಯುವುದಿಲ್ಲ.

ಲಿಫ್ಟಿನ ಬಂಧುಬಳಗದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಸ್ಪ್ರಿಂಗ್ ಎತ್ತರವಾಯಿತು, ಶಾಕ್ ಅಬ್ಸಾರ್ಬರ್ ಉದ್ದದ್ದು ಬೇಕು. ಮುಂಚಕ್ರದ ಓರೆ (ಕ್ಯಾಸ್ಟರ್) ಕೆಟ್ಟಿತು, ಹೈವೇಯಲ್ಲಿ ಸ್ಟೇರಿಂಗ್ ಅಲೆಯುತ್ತದೆ, ಅದಕ್ಕೆ ಬೇರೆ ಬುಷ್. ಪ್ಯಾನ್‌ಹಾರ್ಡ್ ರಾಡು ಆಕ್ಸಲ್ಲನ್ನು ಪಕ್ಕಕ್ಕೆ ಎಳೆಯಿತು, ಉದ್ದ ಹೊಂದಿಸಬಹುದಾದ ರಾಡು ತನ್ನಿ. ಬ್ರೇಕ್ ಹೋಸ್ ಬಿಗಿದುಕೊಂಡಿದೆಯೇ ನೋಡಿ. ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತಿದೆ, ಅದನ್ನೂ ಇಳಿಸಿ. ವಿಂಚು, ಕಬ್ಬಿಣದ ಬಂಪರು ಹೊರುವ ಗಾಡಿಗೆಂದು ಮಾಡಿದ ಗಟ್ಟಿ ಸ್ಪ್ರಿಂಗ್ ಖಾಲಿ ಗಾಡಿಗೆ ಹಾಕಿಸಿದರಂತೂ ಪ್ರತಿ ಹಂಪಿನಲ್ಲೂ ಹಿಂದೆ ಕೂತ ಅತ್ತೆಯವರಿಗೆ ಚಾವಣಿ ದರ್ಶನ.

ಕಾನೂನೂ ಇದೆ ಮಾರಾಯ್ರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ನಮೂನೆಗೆ ಹೊಂದದ ಬದಲಾವಣೆ ಬೇಡ ಅನ್ನುತ್ತದೆ. 2019ರ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಳಿಯನ ಪಟ್ಟಿಯನ್ನು ಐದು ಸಾವಿರದಿಂದ ಗುಣಿಸಿ ತೋರಿಸಿದೆ. ಮುಖ ಸಣ್ಣದಾಯಿತು.

"ಹಾಗಾದ್ರೆ ಏನೂ ಬೇಡ್ವಾ?"

"ಸವೆದ ಮೇಲೆ ಅದೇ ಅಳತೆಯಲ್ಲಿ ಒಳ್ಳೇ ಹಲ್ಲಿನ ಆಲ್ ಟೆರೇನ್ ಟೈರು ಹಾಕ್ಸು. ಕಲ್ಲುದಾರಿಗೆ ಇಳಿಯುವಾಗ ಗಾಳಿ ಕಮ್ಮಿ ಮಾಡು, ಟಾರು ರಸ್ತೆ ಸಿಕ್ಕ ತಕ್ಷಣ ತುಂಬ್ಸು. ಒಂದು ಪುಟಾಣಿ ಕಂಪ್ರೆಸರ್ ತಗೋ, ಸಾಕು."

ಅಳಿಯ ಗಲ್ಲ ಕೆರೆದುಕೊಂಡ. "ಸರಿ ಮಾವ. ಆದ್ರೆ ಸ್ನಾರ್ಕಲ್? ಇಂಜಿನ್ ನೀರು ಕುಡಿಬಾರ್ದಲ್ಲ?"

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮಳೆ ಬಂದ ಸಂಜೆಯ ಹೊರವರ್ತುಲ ರಸ್ತೆ ನೆನಪಾಯಿತು. "ಅದ್ರ ರೇಟ್ ಎಷ್ಟೋ?" ಅಂದೆ.