ಇಪ್ಪತ್ತು ಹುಣಸೆ ಬೀಜ

"ಮಾಮಾ, ಒಂದು ಹೊಸಾ ಕ್ಲಾಸ್ ಮಾಡೂಣು" ಎಂದ ಅಳಿಯ, ದೀಪಾವಳಿಗೆ ಬೆಂಗಳೂರಿನಿಂದ ಕೆಂಭಾವಿಗೆ ಬಂದವನು. ಮೂವತ್ತು ವರ್ಷ ಗಣಿತದ ಕ್ಲಾಸ್ ಮಾಡಿ ಈಗಷ್ಟೇ ಉಸಿರುಬಿಟ್ಟಿದ್ದ ನನಗೆ ಎದೆ ಝಲ್ಲೆಂದಿತು. "ಎಷ್ಟನೇತ್ತಪಾ?"

ಅದು ಆ ಕ್ಲಾಸಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಕ್ಲಾಸ್ ಎಂದರೆ ಪಾತ್ರದ ಕಸುಬು. ಮೊದಲಿಗಿದ್ದವರು ಮೂವರೇ: ಕಾದಾಳು, ಮಂತ್ರವಾದಿ, ಪೂಜಾರಿ. ಮರುವರ್ಷ ಕಳ್ಳನೂ ಸೇರಿಕೊಂಡ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಾವೇನು ಮಾಡುತ್ತೇವೆಂದು ಬಾಯಲ್ಲೇ ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ನಮ್ಮೂರ ಕಟ್ಟೆಯ ಮೇಲೂ ದಿನಾ ನಡೆಯುವುದು ಇದೇ, ದಾಳ ಒಂದಿರುವುದಿಲ್ಲ. ಆಟದ ಪುಸ್ತಕದಲ್ಲಿರುವ ಕಸುಬು ಸಾಲದವರು ಉಪ್ಪಿನಕಾಯಿಯಂತೆ ಮನೆಯಲ್ಲೇ ಹಾಕಿಕೊಳ್ಳಬಹುದಂತೆ.

ನಾನು ನೇರ ಶರಣರ ಕಾಲಕ್ಕೆ ಹೋದೆ. ನಮ್ಮೂರ ಶರಣ ಭೋಗಣ್ಣನವರನ್ನು ಊರು ಬಿಡಿಸಿದಾಗ ಊರಿನ ಲಿಂಗಗಳೆಲ್ಲ ಅವರ ಬೆನ್ನುಹತ್ತಿದವೆಂದು ಕಥೆ. "ಅಂಥಾ ಶಕ್ತಿ ಇಡು" ಎಂದೆ. ಅಳಿಯ ತಲೆಯಾಡಿಸಿದ. "ಆಟ ಕೆಡ್ತದ ಮಾಮಾ. ಶಕ್ತಿ ಕೊಟ್ರ ಒಂದು ಕೊರತೀನೂ ಕೊಡ್ಬೇಕು." ಶರಣರಿಗೆ ಕೊರತೆ ಹುಡುಕುವ ಧೈರ್ಯ ನನಗಾಗಲಿಲ್ಲ.

ಕಡೆಗೆ ದನದ ಸಂತೆಯ ದಲ್ಲಾಳಿಯನ್ನು ಹಿಡಿದೆ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳಲ್ಲೇ ರೇಟು ಕುದುರಿಸುತ್ತಾನೆ. ಪಕ್ಕದಲ್ಲಿ ನಿಂತ ಮಂತ್ರವಾದಿಗೂ ಗೊತ್ತಾಗುವುದಿಲ್ಲ. ಪುಸ್ತಕದ ಕಸುಬಿನವರಿಗೆ ಏರಲು ಇಪ್ಪತ್ತು ಲೆವೆಲ್. ನಾನು ಐದಕ್ಕೆ ಮುಗಿಸಿದೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಎತ್ತಿನ ವಯಸ್ಸು ನೋಡುವ ಲೆಕ್ಕವೇ ದಲ್ಲಾಳಿಗೂ. ಕೊರತೆ? ಹೆಂಡತಿ ಕೇಳಿದರೆ ರೇಟು ಮುಚ್ಚಿಡುವಂತಿಲ್ಲ. ಅಳಿಯ ಅದನ್ನು ಎರಡು ಗೆರೆ ಎಳೆದು ಬರೆದುಕೊಂಡ.

ಆಡಿ ನೋಡೋಣವೆಂದರೆ ದಾಳ ಇಲ್ಲ. ನನ್ನವಳು ಕಸ ಗುಡಿಸುವಾಗ ಯಾವುದೋ ಕಿತ್ತುಹೋದ ಗುಂಡಿಯೆಂದು ಚೆಲ್ಲಿಬಿಟ್ಟಿದ್ದಳು. ನಮ್ಮಲ್ಲಿ ಹುಣಸೆ ಬೀಜಕ್ಕೇನು ಬರ? ಇಪ್ಪತ್ತು ಬೀಜ ತಂದು, ಒಂದು ಮಗ್ಗುಲನ್ನು ಬಂಡೆಗೆ ತಿಕ್ಕಿ ಬಿಳಿ ಮಾಡಿ, ಚೆಲ್ಲಿ ಬಿಳಿಯವನ್ನು ಎಣಿಸಿದೆವು. ಹತ್ತು. ಮತ್ತೆ ಹತ್ತು. ಆಮೇಲೆ ಒಂಬತ್ತು. ಆಗ ನನ್ನೊಳಗಿನ ಮಾಸ್ತರ ಎಚ್ಚೆತ್ತ. ದಾಳಕ್ಕೆ ಒಂದೂ ಇಪ್ಪತ್ತೂ ಸಮ, ಬೀಜಕ್ಕೆ ಹಾಗಲ್ಲ. ಇಪ್ಪತ್ತೂ ಬೆಳ್ಳಗೆ ಬೀಳುವುದು 10,48,576 ಸಲಕ್ಕೊಮ್ಮೆ. ನೂರಕ್ಕೆ ತೊಂಬತ್ತಾರು ಸಲ 6ರಿಂದ 14ರೊಳಗೇ ಸುತ್ತಾಟ. "ಹಿಂಗಾದ್ರ ಯಾರೂ ಸಾಯಂಗಿಲ್ಲ, ಯಾರೂ ಗೆಲ್ಲಂಗಿಲ್ಲ" ಎಂದು ಅಳಿಯ ಗೊಣಗಿದ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ದಲ್ಲಾಳಿ ನಾನು, ಎತ್ತು ಕೊಳ್ಳಲು ಬಂದ ರಾಕ್ಷಸ ಅಳಿಯ. ಟವೆಲ್ ಹೊದಿಸಿ ಕೈ ಕೊಟ್ಟೆವು. ನನಗೆ ಹತ್ತು, ಅವನಿಗೆ ಹನ್ನೊಂದು. ನನಗೆ ಹನ್ನೊಂದು, ಅವನಿಗೆ ಹತ್ತು. ರಾತ್ರಿ ಒಂಬತ್ತಾದರೂ ವ್ಯಾಪಾರ ಕುದುರಲಿಲ್ಲ. ರೊಟ್ಟಿ ಆರುತ್ತಿವೆ ಎನ್ನಲು ಬಂದ ನನ್ನವಳು ಟವೆಲ್ಲನ್ನೇ ನೋಡುತ್ತ ನಿಂತಳು.

"ಎಷ್ಟಕ್ಕ ಮಾರಾಕತ್ತೀರಿ?"

ಅಳಿಯ ಕೆಮ್ಮಿ ಹಾಳೆಯ ಮೇಲಿನ ಎರಡು ಗೆರೆ ತೋರಿಸಿದ.

"ಅರವತ್ತು ಸಾವಿರ" ಎಂದೆ.

"ಬಾಯಿಗೂಡಿದ ಎತ್ತಿಗಿ ಯಾರ ಕೊಡ್ತಾರ್ರಿ ಅಷ್ಟು?" ಎಂದಳು. ರಾಕ್ಷಸ ತಕ್ಷಣ ಟವೆಲ್ಲಿನೊಳಗೆ ನನ್ನ ಎರಡು ಬೆರಳು ಬಿಟ್ಟುಬಿಟ್ಟ.